ಅಮಾನಿ ಕೆರೆ, ಸರ್ಕಾರಿ ಬೆಟ್ಟ ಮತ್ತು ನಮ್ಮ ಮಕ್ಕಳು

ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ತಂದೆ ತಾಯಂದಿರು ನನ್ನಂಥ ಮೇಷ್ಟ್ರುಗಳನ್ನು ಕೇಳುವ ಪ್ರಶ್ನೆ ಒಂದೇ: ‘ಸಾರ್, ಮಗುವನ್ನು ಯಾವ ಬೇಸಿಗೆ ಶಿಬಿರಕ್ಕೆ ಸೇರಿಸೋಣ?’ ಅಬ್ಯಾಕಸ್ ಆಯಿತು, ವೇದಗಣಿತ ಆಯಿತು, ಈಗ ಕೋಡಿಂಗ್ ಬಂದಿದೆ, ರೋಬೋಟ್ ಜೋಡಿಸುವ ಶಿಬಿರಗಳೂ ಇವೆ. ನಾನು ಇವು ಯಾವುದರ ವಿರೋಧಿಯೂ ಅಲ್ಲ. ಆದರೆ ಹೀಗೆ ಕೇಳಿದವರಿಗೆ ನಾನೂ ಒಂದು ಪ್ರಶ್ನೆ ಕೇಳುವುದುಂಟು. ‘ನಿಮ್ಮ ಊರಿನ ಕೆರೆ ಏರಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಿಮ್ಮ ಮಗು ಒಮ್ಮೆಯಾದರೂ ನಡೆದಿದೆಯೆ? ಊರಾಚೆ ಕಾಣುವ ಬೆಟ್ಟದ ಹೆಸರು ಅದಕ್ಕೆ ಗೊತ್ತಿದೆಯೆ?’ ಬಹುಪಾಲು ಜನ ನಕ್ಕು ಸುಮ್ಮನಾಗುತ್ತಾರೆ. ‘ಅಲ್ಲೇನಿದೆ ಸಾರ್ ನೋಡೋಕೆ?’ ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರೆ. ಅಲ್ಲೇನಿದೆ ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ನಾನಿರುವುದು ತುಮಕೂರಿನಲ್ಲಿ. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರು. ಈಚಿನ ವರ್ಷಗಳಲ್ಲಿ ವೇಗವಾಗಿ ಬೆಳೆದಿದ್ದರೂ ಬೆಂಗಳೂರಿನ ಮುಂದೆ ಇನ್ನೂ ಸಣ್ಣದೇ ಆದ ನಗರ. ಹಾಗಾಗಿ ಉದಾಹರಣೆಗಳೆಲ್ಲ ತುಮಕೂರಿನವೇ. ಬೇರೆ ಊರಿನ ಓದುಗರು ಹೆಸರು ಬದಲಾಯಿಸಿಕೊಂಡು ಓದಿಕೊಳ್ಳಬಹುದು, ಏಕೆಂದರೆ ಒಂದು ಮೈದಾನ, ಒಂದು ಕೆರೆ, ಒಂದು ಬೆಟ್ಟ ಇಲ್ಲದ ಊರು ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಕಡಿಮೆ.

ಮೊದಲು ಕೆರೆ. ತುಮಕೂರಿನ ದೊಡ್ಡ ಕೆರೆಗೆ ಅಮಾನಿ ಕೆರೆ ಎಂದು ಹೆಸರು. ನಮ್ಮ ಜಿಲ್ಲೆಯಲ್ಲಷ್ಟೇ ಅಲ್ಲ, ಕರ್ನಾಟಕದ ಹಲವು ಕಡೆ ಅಮಾನಿ ಕೆರೆಗಳಿವೆ. ಇದು ಯಾರೋ ಅಮಾನಪ್ಪ ಕಟ್ಟಿಸಿದ ಕೆರೆ ಎಂದು ತಿಳಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಅಮಾನಿ ಎಂಬುದು ಹಳೆಯ ಕಂದಾಯದ ಮಾತು. ಗುತ್ತಿಗೆಗೋ ಇಜಾರೆಗೋ ಕೊಡದೆ ಸರ್ಕಾರವೇ ನೇರವಾಗಿ ಉಸ್ತುವಾರಿ ನೋಡಿಕೊಳ್ಳುವ ಆಸ್ತಿ ಅಮಾನಿ. ಅಂದರೆ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದು. ಕೆರೆಯ ಹೆಸರಿನಲ್ಲೇ ಅದರ ಪತ್ರ ಬರೆದಿಟ್ಟಿದ್ದಾರೆ ನಮ್ಮ ಹಿರಿಯರು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಈ ಕೆರೆಯ ಅಂಚನ್ನು ಚೊಕ್ಕಟ ಮಾಡಿ, ನಡೆಯುವವರಿಗೆ ದಾರಿ ಮಾಡಿದ್ದಾರೆ. ಬೆಳಿಗ್ಗೆ ಆರು ಗಂಟೆಗೆ ಹೋದರೆ ಸಕ್ಕರೆ ಕಾಯಿಲೆಯವರ ಸಮ್ಮೇಳನವೇ ಅಲ್ಲಿ ನೆರೆದಂತೆ ಕಾಣುತ್ತದೆ. ಬಾರದಿರುವವರು ಮಕ್ಕಳು.

ಮಕ್ಕಳು ಬಂದರೆ ಅಲ್ಲಿ ಕಲಿಯುವುದು ಏನು? ಒಂದು ಸುಲಭದ ಪ್ರಯೋಗ ಹೇಳುತ್ತೇನೆ. ನೆಟ್ಟಗಿನ ಅಂಚಿನ ಒಂದು ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಮನೆಯ ತಾರಸಿಯ ಮೇಲೆ ಬಿಸಿಲಿಗಿಡಿ. ಅದರೊಳಗೆ ಒಂದು ಪ್ಲಾಸ್ಟಿಕ್ ಸ್ಕೇಲನ್ನು ನಿಲ್ಲಿಸಿ. ಕಾಗೆ ಕುಡಿಯದಂತೆ ಮೇಲೊಂದು ದೊಡ್ಡ ಕಣ್ಣಿನ ಬಲೆ ಹಾಕಿ. ದಿನಕ್ಕೆ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ವಾರಪೂರ್ತಿ ಬರೆದಿಡಿ. ದಿನಕ್ಕೆ 5 ಮಿಲಿಮೀಟರ್ ಇಳಿಯಿತು ಎಂದಿಟ್ಟುಕೊಳ್ಳಿ. ಇಷ್ಟೇನಾ ಎನಿಸಬಹುದು. ಈಗ ಒಂದು ಎಕರೆಯ ಹರವಿಗೆ ಲೆಕ್ಕ ಹಾಕಿ. ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದನ್ನು 0.005 ಮೀಟರಿನಿಂದ ಗುಣಿಸಿದರೆ ಸುಮಾರು 20 ಘನ ಮೀಟರ್, ಎಂದರೆ 20,000 ಲೀಟರ್. ಒಂದು ಎಕರೆ ಕೆರೆಯ ಮೇಲಿನಿಂದ ದಿನವೊಂದಕ್ಕೆ ಎರಡು ಮೂರು ಟ್ಯಾಂಕರ್ ನೀರು ಸದ್ದಿಲ್ಲದೆ ಆವಿಯಾಗಿ ಹೋಗುತ್ತದೆ! (ಸಣ್ಣ ಪಾತ್ರೆ ಬೇಗ ಕಾಯುವುದರಿಂದ ನಿಮ್ಮ ಅಳತೆ ಕೆರೆಯದಕ್ಕಿಂತ ತುಸು ಹೆಚ್ಚೇ ಬರುತ್ತದೆ. ಏಕೆ ಎಂದು ಮಕ್ಕಳು ಯೋಚಿಸಲಿ.) ಈ ಲೆಕ್ಕ ಮಾಡಿದ ಹುಡುಗನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ ನೋಡಿ. ಅವನು ಕೆರೆಯನ್ನು ನೋಡುವ ರೀತಿಯೇ ಬೇರೆಯಾಗಿರುತ್ತದೆ. ಹೂಳು ತುಂಬಿ ಆಳ ಕಡಿಮೆಯಾಗಿ, ಹರವು ಮಾತ್ರ ಉಳಿದ ಕೆರೆ ಯಾಕೆ ಬೇಗ ಒಣಗುತ್ತದೆ ಎಂಬುದನ್ನು ಅವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮೈದಾನ. ಇದರ ವಿಷಯದಲ್ಲಿ ತಂದೆ ತಾಯಂದಿರಿಗೆ ನಾನು ಒಂದು ಗಟ್ಟಿಯಾದ ವೈಜ್ಞಾನಿಕ ಕಾರಣ ಕೊಡಬಲ್ಲೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ತರಗತಿಗೆ ಒಂದೋ ಎರಡೋ ಕನ್ನಡಕ ಇರುತ್ತಿದ್ದವು. ಈಗ ಸಾಲಿಗೊಂದರಂತೆ ಕಾಣುತ್ತವೆ. ದೂರದ್ದು ಮಂಜಾಗಿ ಕಾಣುವ ಸಮೀಪದೃಷ್ಟಿ ದೋಷಕ್ಕೆ ಮನೆತನದ ಗುಣವೂ ಕಾರಣ, ಹತ್ತಿರ ಹಿಡಿದು ಓದುವುದೂ ಕಾರಣ. ಆದರೆ ಈಚಿನ ಸಂಶೋಧನೆಗಳು ಬೊಟ್ಟು ಮಾಡುತ್ತಿರುವುದು ಇನ್ನೊಂದು ಸಂಗತಿಯ ಕಡೆಗೆ: ಬಯಲಿನ ಬೆಳಕು. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಆಡಿಸಿದರು, ಉಳಿದ ಶಾಲೆಗಳನ್ನು ಅವುಗಳ ಪಾಡಿಗೆ ಬಿಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ವರ್ಷಗಳಲ್ಲಿ ಹೊರಗೆ ಆಡಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಉಳಿದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ.

ಕಾರಣ ಬೆಳಕಿನ ಪ್ರಮಾಣದಲ್ಲಿ ಇರಬಹುದು ಎಂದು ವಿಜ್ಞಾನಿಗಳ ಊಹೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ನಮ್ಮ ತರಗತಿಯ ಕೋಣೆಯೊಳಗೆ ಟ್ಯೂಬ್‌ಲೈಟ್ ಹಾಕಿದರೂ ಕೆಲವು ನೂರು ಲಕ್ಸ್ ಮಾತ್ರ. ಹಗಲು ಹೊತ್ತು ಬಯಲಿನ ಮರದ ನೆರಳಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ, ನೇರ ಬಿಸಿಲಿನಲ್ಲಿ ಲಕ್ಷದ ಹತ್ತಿರ ಹೋಗುತ್ತದೆ. ನಮ್ಮ ಕಣ್ಣು ಎಷ್ಟು ಬೇಗ ಹೊಂದಿಕೊಳ್ಳುತ್ತದೆಯೆಂದರೆ ಈ ಅಂತರ ನಮಗೆ ತಿಳಿಯುವುದೇ ಇಲ್ಲ. ಪ್ರಖರ ಬೆಳಕಿನಲ್ಲಿ ಅಕ್ಷಿಪಟಲ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚು ಸುರಿಸುತ್ತದೆ, ಅದು ಕಣ್ಣುಗುಡ್ಡೆ ಅತಿಯಾಗಿ ಉದ್ದ ಬೆಳೆಯದಂತೆ ತಡೆಯುತ್ತದೆ ಎಂಬುದು ಸದ್ಯದ ವಿವರಣೆ. ಗಮನಿಸಿ, ಮಕ್ಕಳು ಅಲ್ಲಿ ಕ್ರಿಕೆಟ್ಟೇ ಆಡಬೇಕೆಂದಿಲ್ಲ. ಮರದ ಕೆಳಗೆ ಕೂತು ಚೌಕಾಬಾರ ಆಡಿದರೂ ಕಣ್ಣಿಗೆ ಬೆಳಕು ಸಿಗುತ್ತದೆ. ಇನ್ನು ಮೈಕೈಗೆ ಬೇಕಾದ ವ್ಯಾಯಾಮದ ಮಾತು ಬೇರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಡಾಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟ್ಯೂಷನ್ನಿಗೆ ಸ್ಕೂಟರಿನ ಹಿಂದೆ ಕೂತು ಹೋಗಿಬರುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಮೈದಾನದ ಮಾತು ಬಂದಾಗ ಒಂದು ಸಂಗತಿಯನ್ನು ಹೇಳಲೇಬೇಕು. ಏಳನೆಯ ತರಗತಿಯವರೆಗೆ ಹುಡುಗರ ಸಮಸಮಕ್ಕೆ ಓಡುತ್ತಿದ್ದ ಹುಡುಗಿಯರು ಎಂಟನೆಯ ತರಗತಿಗೆ ಬರುತ್ತಿದ್ದಂತೆ ಕಟ್ಟೆಯ ಮೇಲೆ ಕೂತು ನೋಡುವವರಾಗುತ್ತಾರೆ. ಒಂಬತ್ತನೆಯ ತರಗತಿಗೆ ಕಟ್ಟೆಯ ಮೇಲೂ ಕಾಣುವುದಿಲ್ಲ. ಸಂಜೆ ಯಾವ ಊರಿನ ಮೈದಾನಕ್ಕೆ ಹೋದರೂ ಇದೇ ಚಿತ್ರ. ಹುಡುಗಿಯರಿಗೆ ಆಟದಲ್ಲಿ ಆಸಕ್ತಿ ಇಲ್ಲ ಎನ್ನುವವರು ಖೋ-ಖೋ ಆಡುವ ಹುಡುಗಿಯರನ್ನು ನೋಡಿಲ್ಲ. ಶುಚಿಯಾದ ಶೌಚಾಲಯ ಇಲ್ಲ, ಕತ್ತಲಾದರೆ ದೀಪ ಇಲ್ಲ, ಇಡೀ ಮೈದಾನವನ್ನು ಹತ್ತು ಕ್ರಿಕೆಟ್ ತಂಡಗಳು ಹಂಚಿಕೊಂಡಿರುತ್ತವೆ. ತಾಯಂದಿರು ನಾಲ್ಕು ಜನ ಕೂಡಿ ದಿನಾ ಸಂಜೆ ಮೈದಾನದ ಸುತ್ತ ನಡೆಯತೊಡಗಿದರೆ, ಅವರ ಹಿಂದೆ ಹೆಣ್ಣುಮಕ್ಕಳು ಬರುತ್ತಾರೆ. ನೂರು ಭಾಷಣಕ್ಕಿಂತ ಇದು ವಾಸಿ. ದೀಪ, ಶೌಚಾಲಯ ಬೇಕೆಂದು ನಗರಸಭೆಗೋ ಮಹಾನಗರ ಪಾಲಿಕೆಗೋ ಅರ್ಜಿ ಕೊಡುವಾಗ ಅದರಲ್ಲಿ ಆ ತಾಯಂದಿರ ಸಹಿ ಇರಲಿ.

ಬಳಸುವವರಿಲ್ಲದ ಜಾಗ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ನಾನು ಕೆಲಸದಲ್ಲಿದ್ದ ಒಂದು ಸಣ್ಣ ಊರಿನ ಶಾಲೆಗೆ ಒಳ್ಳೆಯ ಮೈದಾನವಿತ್ತು. ಎಸ್.ಎಸ್.ಎಲ್.ಸಿ. ಫಲಿತಾಂಶ ಇಳಿಯಿತೆಂದು ಊರಿನ ಪ್ರಮುಖರು ಗಲಾಟೆ ಮಾಡಿದ ಮೇಲೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಯಿತು. ಸಂಜೆ ಆಟ ನಿಂತಿತು. ಎರಡು ಮಳೆಗಾಲ ಕಳೆಯುವುದರಲ್ಲಿ ಮೈದಾನದ ತುಂಬ ಪಾರ್ಥೇನಿಯಂ ಬೆಳೆಯಿತು. ಮೂರನೆಯ ವರ್ಷ ರಸ್ತೆಯ ಕಡೆಯ ಭಾಗದಲ್ಲಿ ಅಂಗಡಿ ಮಳಿಗೆಗಳನ್ನು ಕಟ್ಟುವ ಪ್ರಸ್ತಾವ ಬಂತು. ನಮ್ಮ ಹೆಡ್‌ಮಾಸ್ಟರು ಎರಡು ಸಲ ಆಕ್ಷೇಪಣೆ ಬರೆದರು. ಕಡತದಲ್ಲಿ ಒಂದೇ ಒಂದು ಸಾಲು ಅವರನ್ನು ಸೋಲಿಸಿತು: ‘ಸದರಿ ಜಾಗವು ಬಳಕೆಯಲ್ಲಿರುವುದಿಲ್ಲ.’ ಸುಳ್ಳು ಎಂದು ಹೇಳುವಂತಿರಲಿಲ್ಲ. ಇಂದು ಅಲ್ಲಿ ಬೇಕರಿ, ಮೊಬೈಲ್ ಅಂಗಡಿಗಳಿವೆ. ಶಾಲೆಯ ಕ್ರೀಡಾಕೂಟಕ್ಕೆ ಮಕ್ಕಳನ್ನು ಪಕ್ಕದ ಊರಿಗೆ ಕರೆದೊಯ್ಯುತ್ತಾರೆ.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿದಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಬೆಳೆಯಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೆ ಎಂಬ ವಾದ ಕೇಳಲು ಚೆನ್ನಾಗಿಯೇ ಇತ್ತು. ಆದರೂ ಉದ್ಯಾನಕ್ಕೆ ಮೀಸಲಿಟ್ಟ ಬಯಲನ್ನು ಹೀಗೆ ಬೇರೆಯದಕ್ಕೆ ತಿರುಗಿಸಕೂಡದು, ಅದನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಇದೆ ಎಂದು 1991ರಲ್ಲಿ ತೀರ್ಪು ಬಂತು. ದೇಶದ ಬೇರೆ ಬೇರೆ ಊರುಗಳ ಉದ್ಯಾನ, ಮೈದಾನಗಳ ಪ್ರಕರಣಗಳಲ್ಲಿ ಇಂದಿಗೂ ಈ ತೀರ್ಪನ್ನು ಎತ್ತಿ ಹೇಳುತ್ತಾರೆ. ನಮ್ಮಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರ ಒಂದು ಕಾಯ್ದೆಯೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಆಟದ ಮೈದಾನವನ್ನೂ ಸೇರಿಸಿದೆ. ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಕಂಪ್ಯೂಟರ್ ಎಷ್ಟಿವೆ ಎಂದು ಕೇಳುತ್ತೇವೆ. ಮೈದಾನ ಎಲ್ಲಿದೆ ಎಂದೂ ಕೇಳಬಹುದಲ್ಲ?

ಹಳ್ಳಿಗಳ ಕಡೆಯ ಓದುಗರು ಗೋಮಾಳ, ಗುಂಡುತೋಪುಗಳನ್ನು ನೆನೆಯಬೇಕು. ನೂರು ದನಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ನಮ್ಮ ಭೂಕಂದಾಯ ನಿಯಮ ಹೇಳುತ್ತದೆ. ರಸ್ತೆ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಜಾಗಗಳನ್ನು ದಾಖಲೆಯಲ್ಲಿ ‘ಬಿ ಖರಾಬು’ ಎಂದು ಬರೆಯುತ್ತಾರೆ. ಖರಾಬು ಅಂದರೆ ಕೆಟ್ಟದ್ದು! ಉತ್ತು ಬಿತ್ತಿ ಕಂದಾಯ ಕಟ್ಟುವವರಿಲ್ಲವಾದ್ದರಿಂದ ಲೆಕ್ಕದವರಿಗೆ ಅದು ಕೆಟ್ಟ ಜಮೀನು. ಮಕ್ಕಳಿಗೆ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಜಮೀನು ಇನ್ನೊಂದಿಲ್ಲ. ಈಗ ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಇದೆ. ಮೊಬೈಲ್ ಹಿಡಿದು ಕೆರೆಯಂಗಳದಲ್ಲಿ ನಿಂತರೆ ಆ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಹೈಸ್ಕೂಲಿನ ಮಕ್ಕಳು ತಮ್ಮ ಊರಿನ ಕೆರೆ, ತೋಪು, ಗೋಮಾಳಗಳ ಸರ್ವೆ ನಂಬರುಗಳನ್ನು ಪಟ್ಟಿ ಮಾಡಿ, ಪಹಣಿ ತೆಗೆಸಿ ಅದರಲ್ಲಿ ಎಷ್ಟು ಎಕರೆ ಎಂದು ಬರೆದಿದೆ, ಕಣ್ಣಿಗೆ ಎಷ್ಟು ಕಾಣುತ್ತದೆ ಎಂದು ಹೋಲಿಸಲಿ. ಸಮಾಜ ವಿಜ್ಞಾನಕ್ಕೂ ಗಣಿತಕ್ಕೂ ಒಂದೇ ಪ್ರಾಜೆಕ್ಟ್ ಸಾಕು. ದೊಡ್ಡವರು ಜೊತೆಯಲ್ಲಿರಲಿ. ಒತ್ತುವರಿ ಮಾಡಿದವರ ಬೇಲಿಯ ಹತ್ತಿರ ನಿಂತು ಜಗಳ ತೆಗೆಯುವುದು ಮಕ್ಕಳ ಕೆಲಸವಲ್ಲ.

ಕೊನೆಗೆ ಬೆಟ್ಟ. ತುಮಕೂರಿನಿಂದ ಸುಮಾರು ಹದಿನೈದು ಕಿಲೋಮೀಟರು ದೂರದಲ್ಲಿ ದೇವರಾಯನದುರ್ಗ ಇದೆ. ಹಿಂದಿನವರು ಕರಿಗಿರಿ ಎನ್ನುತ್ತಿದ್ದರು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ದೇವಸ್ಥಾನಕ್ಕೆಂದು ಹೋಗಿ, ಪ್ರಸಾದ ತಿಂದು, ಫೋಟೋ ತೆಗೆಸಿಕೊಂಡು ಬಂದವರು ಜಿಲ್ಲೆಯಲ್ಲಿ ಲಕ್ಷಾಂತರ ಇರಬಹುದು. ಸುತ್ತಲಿನ ಕಾಡು ಅರಣ್ಯ ಇಲಾಖೆಯದು, ಅಂದರೆ ಮತ್ತೆ ನಮ್ಮೆಲ್ಲರದು.

ಈ ಬೆಟ್ಟದ ವಿಶೇಷ ಕೇಳಿ. ಶಿಂಷಾ ಮತ್ತು ಜಯಮಂಗಲಿ ಎರಡು ನದಿಗಳೂ ಹುಟ್ಟುವುದು ಈ ಬೆಟ್ಟಗಳ ಸಾಲಿನಲ್ಲೇ. ಶಿಂಷೆ ದಕ್ಷಿಣಕ್ಕೆ ಹರಿದು, ಮದ್ದೂರು ದಾಟಿ, ಶಿವನಸಮುದ್ರದ ಬಳಿ ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹೊರಟು ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಬೆಟ್ಟದ ನೆತ್ತಿಯ ಮೇಲೆ ಅಕ್ಕಪಕ್ಕ ಬಿದ್ದ ಎರಡು ಮಳೆಹನಿಗಳಲ್ಲಿ ಒಂದು ತಮಿಳುನಾಡಿನ ಪೂಂಪುಹಾರಿನ ಕಡೆಗೆ, ಇನ್ನೊಂದು ಆಂಧ್ರದ ನೆಲ್ಲೂರಿನ ಕಡೆಗೆ ಪ್ರಯಾಣ ಹೊರಡಬಹುದು. ಪುಸ್ತಕದಲ್ಲಿ ‘ಜಲವಿಭಾಜಕ’ ಎಂದು ಬಾಯಿಪಾಠ ಮಾಡಿದ ಪದ ಇದೇ. (ಇಂದು ಜಯಮಂಗಲಿಯಲ್ಲಿ ವರ್ಷದ ಬಹುಕಾಲ ನೀರಿಗಿಂತ ಮರಳೇ ಹೆಚ್ಚು ಕಾಣುತ್ತದೆ ಎಂಬುದೂ ಪಾಠದ ಭಾಗವಾಗಲಿ.) ಶಿಂಷೆಯ ಜಾಡು ಹಿಡಿದು ಕುಣಿಗಲ್ ತಾಲ್ಲೂಕಿಗೆ ಹೋದರೆ ಮಾರ್ಕೋನಹಳ್ಳಿ ಜಲಾಶಯ ಸಿಗುತ್ತದೆ. ಅಲ್ಲಿ ಮೈಸೂರು ಅರಸರ ಕಾಲದ ಎಂಜಿನಿಯರುಗಳು ಕೂರಿಸಿದ ಸೈಫನ್‌ಗಳಿವೆ. ನೀರು ಒಂದು ಮಟ್ಟ ಮುಟ್ಟಿದೊಡನೆ ತಾವಾಗಿಯೇ ಹೊರಕ್ಕೆ ಸುರಿಯತೊಡಗುತ್ತವೆ. ಗೇಟು ಎತ್ತಲು ಆಳು ಬೇಡ, ವಿದ್ಯುತ್ತೂ ಬೇಡ. ಬಕೆಟ್ಟಿನಿಂದ ಕೊಳವೆಯಲ್ಲಿ ನೀರು ಎಳೆದು ಆಡುವ ಮಕ್ಕಳಿಗೆ ಇದನ್ನು ತೋರಿಸದೆ ಬೇರೇನು ತೋರಿಸುವುದು?

ಬೆಟ್ಟ ಹತ್ತುವುದೇ ಒಂದು ಪ್ರಯೋಗ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ದೇವರಾಯನದುರ್ಗದ ನೆತ್ತಿ ಸುಮಾರು 1,200 ಮೀಟರ್. ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆಂದು ಪುಸ್ತಕ ಹೇಳುತ್ತದೆ. ಹಾಗಾದರೆ ಈ 380 ಮೀಟರಿಗೆ ಎರಡೂವರೆ ಡಿಗ್ರಿ ಇಳಿಯಬೇಕು. ಒಂದು ಸಾಧಾರಣ ಥರ್ಮಾಮೀಟರನ್ನು (ಜ್ವರ ನೋಡುವುದಲ್ಲ) ಕೆಳಗೂ ಮೇಲೂ ನೆರಳಿನಲ್ಲಿ ಐದೈದು ನಿಮಿಷ ಹಿಡಿದು ನೋಡಿ. ಗಾಳಿಯ ಒತ್ತಡವೂ ಇಳಿಯುತ್ತದೆ, ಪಾದರಸದ ಲೆಕ್ಕದಲ್ಲಿ ಸುಮಾರು 3 ಸೆಂಟಿಮೀಟರ್. ಕೆಲವು ಮೊಬೈಲುಗಳಲ್ಲಿ ಒತ್ತಡ ಅಳೆಯುವ ಸಾಧನ ಇರುತ್ತದೆ, ಇದ್ದವರು ಪರೀಕ್ಷಿಸಬಹುದು. ಒತ್ತಡ ಇಳಿದರೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ನೆತ್ತಿಯ ಮೇಲೆ ಅದು 96 ಡಿಗ್ರಿ ಆಸುಪಾಸು. ಆದರೆ ಇದನ್ನು ಪರೀಕ್ಷಿಸಲು ದಯವಿಟ್ಟು ಕಾಡಿನಲ್ಲಿ ಒಲೆ ಹಚ್ಚಬೇಡಿ. ಇದು ಒಣ ಎಲೆ ಉದುರಿಸುವ ಕಾಡು. ಬೇಸಿಗೆಯಲ್ಲಿ ಬೀಡಿಯ ಕಿಡಿಯೂ ಸಾಕು ಇಡೀ ಇಳಿಜಾರು ಕಪ್ಪಾಗಲು.

ಕಾಲ ಕೆಳಗಿನ ಬಂಡೆಗೂ ಒಂದು ನಮಸ್ಕಾರ ಇರಲಿ. ರಾಮನಗರದಿಂದ ಮಧುಗಿರಿ, ಪಾವಗಡದತ್ತ ಚಾಚಿರುವ ಗ್ರಾನೈಟ್ ಬೆಟ್ಟಗಳ ಪಟ್ಟಿಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಬಂಡೆಗಳ ಸಂದಿಯ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಇದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ವಿದೇಶಗಳಿಂದ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ. ನಮ್ಮ ಮಕ್ಕಳಿಗೆ ಪೆಂಗ್ವಿನ್ ಗೊತ್ತು, ಇದು ಗೊತ್ತಿಲ್ಲ. ದಾರಿಯಲ್ಲಿ ಸಿಗುವ ನಾಮದ ಚಿಲುಮೆಯಲ್ಲಿ ಶ್ರೀರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟು ಚಿಲುಮೆ ಚಿಮ್ಮಿಸಿದನೆಂದು ಕಥೆ. ಕಥೆಯನ್ನು ಅಜ್ಜಿ ಹೇಳಲಿ. ಬಂಡೆಯ ಬಿರುಕಿನಲ್ಲಿ ಇಳಿದ ಮಳೆನೀರು ಇನ್ನೊಂದು ಕಡೆ ಒಸರುವ ಬಗೆಯನ್ನು ಅಪ್ಪ ಹೇಳಲಿ. ಎರಡಕ್ಕೂ ಜಗಳವೇನಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೊರಡಿ, ಕತ್ತಲಾಗುವ ಮುನ್ನ ಇಳಿದುಬಿಡಿ. ಸುತ್ತಲ ಕಾಡಿನಲ್ಲಿ ಚಿರತೆ, ಕರಡಿಗಳಿವೆ. ರಸ್ತೆ, ಮೆಟ್ಟಿಲು ಬಿಟ್ಟು ಕಾಡಿನ ಕಾಲುದಾರಿ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ವಾಪಸು ತನ್ನಿ. ಮಗುವಿನ ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು.

ಇನ್ನೊಂದು ಪ್ರಯೋಗ ಮರೆತಿದ್ದೆ. ಊರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣವನ್ನು ಒಡೆಯದೆ ಬೆಟ್ಟದ ಮೇಲಕ್ಕೆ ಒಯ್ದರೆ, ಹೊರಗಿನ ಒತ್ತಡ ಕಡಿಮೆಯಾಗಿ ಅದು ಸ್ವಲ್ಪ ಬಿಗಿಯಾಗಿ ಉಬ್ಬಿರುತ್ತದೆ. ಬೆರಳಿನಿಂದ ಒತ್ತಿ ಕೆಳಗಿನದಕ್ಕೆ ಹೋಲಿಸಿ. ಆದರೆ ಈ ಪರೀಕ್ಷೆಯನ್ನು ವಾಹನದ ಒಳಗೆ, ಕಿಟಕಿ ಮುಚ್ಚಿಕೊಂಡೇ ಮಾಡತಕ್ಕದ್ದು. ಬೆಟ್ಟದ ಕೋತಿಗಳು ಭೌತಶಾಸ್ತ್ರ ಓದಿಲ್ಲದಿದ್ದರೂ ಪೊಟ್ಟಣದೊಳಗೆ ಏನಿದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವು.